ಬಿಡ್ತು ಅನ್ನಿ, ಮೇಡಂ

ರೇಖಾ ಮೇಡಂ ಅವರಿಗೆ,

ಮೊದಲು ನಮಸ್ಕಾರ. ಎಷ್ಟೇ ಕೋಪವಿದ್ದರೂ ನಮಸ್ಕಾರ ತಪ್ಪಿಸಬಾರದು ಎಂದು ಅಜ್ಜಿ ಹೇಳಿದ್ದಾಳೆ. ಕೋಪ ಇದೆ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಪತ್ರ ಕನ್ನಡದಲ್ಲಿದೆ ಎಂದು ಹುಬ್ಬು ಗಂಟಿಕ್ಕಬೇಡಿ. ನೀವು ನಮ್ಮ ಶಾಲೆಗೆ ಕಾಲೇಜು ಕೌನ್ಸೆಲರ್ ಆಗಿ ಬಂದಾಗಿನಿಂದ ನಿಮ್ಮ ಗಾಜಿನ ಕೋಣೆಯಲ್ಲಿ ಕನ್ನಡದ ಒಂದು ಮಾತನ್ನೂ ನಾನು ಕೇಳಿಲ್ಲ. ಆದರೆ ಒಂದು ಸಲ ಮೆಟ್ಟಿಲ ಕೆಳಗೆ ನಿಂತು, ಪದ್ಮನಾಭನಗರದಲ್ಲಿರುವ ನಿಮ್ಮ ತಾಯಿಯನ್ನು ಫೋನಿನಲ್ಲಿ, ‘ಬರೀ ಹೊಟ್ಟೆಲಿ ಮಾತ್ರೆ ತಗೋಬೇಡ ಅಂತ ಎಷ್ಟು ಸಲ ಹೇಳ್ಲಿ ಅಮ್ಮ ನಿಂಗೆ’ ಎಂದು ಗದರಿದ್ದನ್ನು ಕೇಳಿಸಿಕೊಂಡಿದ್ದೇನೆ. ನಾನು ಬರೆಯುತ್ತಿರುವುದು ಆ ರೇಖಾ ಮೇಡಂಗೆ.

ವಿಷಯ ಇಷ್ಟೇ. ನಮ್ಮ ಅಜ್ಜಿ ಅಣ್ಣಮ್ಮ ಬದುಕಿದ್ದಾಳೆ. ಈಗ ನನ್ನ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಾ, ಹುಳ ಬಿದ್ದ ಒಂದೊಂದು ಕಾಯಿಗೂ ಬೈಯುತ್ತಿದ್ದಾಳೆ.

ದೆಹಲಿ ಕಡೆಯ ಆ ವಿಶ್ವವಿದ್ಯಾಲಯದಲ್ಲಿ ಪರಿಸರ ವಿಜ್ಞಾನ ಓದಬೇಕೆಂದು ನನಗೆಷ್ಟು ಆಸೆ ಎಂಬುದು ನಿಮಗೆ ಗೊತ್ತು. ಪೂರ್ತಿ ಸ್ಕಾಲರ್‌ಶಿಪ್ ಸಿಕ್ಕರಷ್ಟೇ ಹೋಗಲು ಸಾಧ್ಯ, ಅಪ್ಪನ ಹಾರ್ಡ್‌ವೇರ್ ಅಂಗಡಿಯನ್ನು ನಂಬಿಕೊಂಡು ಆಗುವ ಮಾತಲ್ಲ ಎಂಬುದೂ ಗೊತ್ತು. ವಿಶ್ವವಿದ್ಯಾಲಯದವರು ನೋಡುವುದು ನಾವು ನಮ್ಮ ಬಗ್ಗೆ ಬರೆದ ಪ್ರಬಂಧವನ್ನು, ನಿಮ್ಮ ಶಿಫಾರಸನ್ನು, ಆಮೇಲೆ ಸಂದರ್ಶನವನ್ನು.

ನಾನು ಬರೆದದ್ದು ಅಜ್ಜಿಯನ್ನೂ ಪುಟ್ಟೇನಹಳ್ಳಿ ಕೆರೆಯನ್ನೂ ಕುರಿತು. ಬೆಳಗ್ಗೆ ವಾಕಿಂಗಿಗೆ ಹೋದಾಗ ಯಾರಾದರೂ ಪೂಜೆಯ ಹೂವನ್ನು ಪ್ಲಾಸ್ಟಿಕ್ ಕವರಿನ ಸಮೇತ ನೀರಿಗೆ ಎಸೆಯಲು ಬಂದರೆ ಅಜ್ಜಿ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಲ್ಲುತ್ತಾಳೆ. ‘ಏನ್ ಸಾರ್, ನಿಮ್ ದೇವ್ರ ಹೂವ ಕೊಕ್ಕರೆ ಮುಡ್ಕೊಳ್ಳುತ್ತಾ? ಮನೆಗೆ ತಗೊಂಡೋಗಿ’ ಎನ್ನುತ್ತಾಳೆ. ಚಿಕ್ಕವಳಿದ್ದಾಗ ನನಗೆ ನಾಚಿಕೆಯಾಗಿ ಬೇರೆ ಕಡೆ ನೋಡುತ್ತಾ ನಿಲ್ಲುತ್ತಿದ್ದೆ. ಹೋದ ವರ್ಷ ಮೊದಲ ಸಲ ನಾನೇ ಒಬ್ಬರನ್ನು ತಡೆದೆ. ಅಜ್ಜಿಯಷ್ಟು ಜೋರಾಗಿ ಹೇಳಲು ಬರಲಿಲ್ಲ. ಆದರೂ ಅವರು ಕವರನ್ನು ಸ್ಕೂಟರಿಗೆ ಸಿಕ್ಕಿಸಿಕೊಂಡು ವಾಪಸ್ ಹೋದರು. ನನ್ನ ಕಥೆ ಅಷ್ಟೇ.

ಓದಿದ ನೀವು, ಇದರಲ್ಲಿ ನೋವೆಲ್ಲಿದೆ ಎಂದು ಕೇಳಿದಿರಿ. ಇಲ್ಲ ಎಂದೆ. ಸ್ವಲ್ಪ ತಿದ್ದುತ್ತೇನೆ ಎಂದಿರಿ. ಕಾಮಾ, ಫುಲ್‌ಸ್ಟಾಪ್ ತಿದ್ದುತ್ತೀರೆಂದು ನಾನು ನಂಬಿದೆ. ನೀವು ಅಜ್ಜಿಯನ್ನೇ ಸಾಯಿಸಿದಿರಿ.

ಅದು ನನಗೆ ಗೊತ್ತಾದದ್ದು ಹೇಗೆ ಗೊತ್ತೇ? ಸಂದರ್ಶನದ ಅಭ್ಯಾಸಕ್ಕೆಂದು ನೀವೇ ಗೊತ್ತು ಮಾಡಿದ್ದ ಸೇತುರಾಮ ಸರ್ ಭಾನುವಾರ ಲ್ಯಾಪ್‌ಟಾಪಿನಲ್ಲಿ ಬಂದರು. ಬಂದವರೇ ಮುಖ ಸಣ್ಣ ಮಾಡಿಕೊಂಡು, ‘ನಿಮ್ಮಜ್ಜಿ ವಿಷಯ ಓದಿ ತುಂಬಾ ಬೇಜಾರಾಯ್ತಮ್ಮ’ ಎಂದರು. ನನಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಅಜ್ಜಿ ತಟ್ಟೆಯಲ್ಲಿ ಬಿಸಿ ನಿಪ್ಪಟ್ಟು ಹಿಡಿದು ಬಂದು, ‘ಮೇಷ್ಟ್ರೇ, ಚೆನ್ನಾಗಿದೀರಾ?’ ಎಂದು ಪರದೆಯೊಳಗೆ ಇಣುಕಿದಳು. ಇವರು ಯಾರು ಎಂದರು ಸರ್. ನಮ್ಮಜ್ಜಿ ಎಂದೆ. ಪರದೆಯ ಹತ್ತಿರ ಬಗ್ಗಿ ನೋಡಿ, ‘ಓ, ಇವರು ಇನ್ನೊಬ್ಬರು ಅಜ್ಜಿನಾ?’ ಎಂದು ಕೇಳಿದರು. ನಗು ಬರಬೇಕಿತ್ತು, ಬರಲಿಲ್ಲ.

ಆಮೇಲೆ ನೀವು ತಿದ್ದಿ ನಮ್ಮಿಬ್ಬರಿಗೂ ಕಳಿಸಿದ್ದ ಪ್ರತಿಯನ್ನು ತೆರೆದು ನೋಡಿದೆ. ಕೆರೆ ನೀರು ಕುಡಿದು ಕಾಯಿಲೆ ಬಿದ್ದ ಅಜ್ಜಿ ನನ್ನ ಕೈ ಹಿಡಿದುಕೊಂಡೇ ಪ್ರಾಣ ಬಿಡುತ್ತಾಳೆ. ಕೆರೆಯನ್ನು ಉಳಿಸುತ್ತೇನೆಂದು ನಾನು ಹೆಣದ ಮುಂದೆ ಶಪಥ ಮಾಡುತ್ತೇನೆ. ಅಲ್ಲ ಮೇಡಂ, ನಮ್ಮ ಮನೆಗೆ ಕಾವೇರಿ ನೀರು ಬರುತ್ತದೆ. ಅಜ್ಜಿಯನ್ನು ಸಾಯಿಸಿದ್ದಲ್ಲದೆ, ಪಾಪ, ಆ ಕೆರೆಯ ತಲೆಗೂ ಒಂದು ಕೊಲೆ ಕಟ್ಟಿದಿರಲ್ಲ.

ಏನಂತೆ, ಏನಂತೆ ಎಂದು ಅಜ್ಜಿ ಬಿಡಲಿಲ್ಲ. ಕೊನೆಗೆ ಹೇಳಿದೆ. ನಿಪ್ಪಟ್ಟಿನ ತಟ್ಟೆ ಕೆಳಗಿಟ್ಟು, ‘ಥೂ, ಬಿಡ್ತು ಅನ್ನು. ಬರೆದೋಳಿಗೂ ಬಿಡ್ತು ಅನ್ನೋಕೆ ಹೇಳು. ಉಂಡು ತಿಂದು ಗುಂಡುಕಲ್ಲಂಗೆ ಇರೋಳ್ನ ಸಾಯಿಸ್ತಾರೇನೇ?’ ಎಂದಳು. ನಾನು ಬಿಡ್ತು ಅಂದೆ. ನಿಮ್ಮ ಪಾಲಿನದು ಬಾಕಿ ಉಳಿಯಿತು.

ಅದನ್ನು ಕೇಳಲೆಂದೇ ಸೋಮವಾರ ನಿಮ್ಮ ಕೋಣೆಗೆ ಬಂದಿದ್ದೆ. ನೀವು ನಕ್ಕಿರಿ. ಇದು ಬರೀ ಕಥೆ, ಸಾವಿರಾರು ಮಕ್ಕಳು ಬರೆದಿರುತ್ತಾರೆ, ಸುಖವಾಗಿರುವ ಅಜ್ಜಿಗೆ ಯಾರೂ ಸ್ಕಾಲರ್‌ಶಿಪ್ ಕೊಡುವುದಿಲ್ಲ ಎಂದಿರಿ. ನಾನು ತಿದ್ದಿದ ಪ್ರಬಂಧವೇ ಹೋದರೆ ಶಿಫಾರಸಿನಲ್ಲಿ ನಿನ್ನನ್ನು ಶಾಲೆಯ ಅತ್ಯುತ್ತಮ ವಿದ್ಯಾರ್ಥಿನಿ ಎಂದು ಬರೆಯುತ್ತೇನೆ, ಇಲ್ಲದಿದ್ದರೆ ಎಲ್ಲರಿಗೂ ಬರೆಯುವಂತೆ ಎರಡು ಸಾಲು ಬರೆದು ಕೈ ತೊಳೆದುಕೊಳ್ಳುತ್ತೇನೆ ಎಂದೂ ಹೇಳಿದಿರಿ. ನಾನು ಬ್ಯಾಗ್ ಎತ್ತಿಕೊಂಡು ಹೊರಟೆ. ಸುಳ್ಳೇಕೆ, ಮನೆ ಮುಟ್ಟುವವರೆಗೂ ನಾನು ನಿಮ್ಮ ಮಾತಿಗೆ ಒಪ್ಪುವುದೆಂದೇ ಲೆಕ್ಕ ಹಾಕುತ್ತಿದ್ದೆ. ಆ ಸೀಟು ನನಗೆ ಅಷ್ಟು ಬೇಕಿತ್ತು. ಈಗಲೂ ಅಷ್ಟೇ ಬೇಕು.

ಮನೆಯಲ್ಲಿ ಅಜ್ಜಿ ನನ್ನ ಮುಖ ನೋಡಿದ ಕೂಡಲೇ, ‘ಒಪ್ಲಿಲ್ವಾ ನಿಮ್ ಮೇಡಂ?’ ಎಂದಳು. ಇಲ್ಲ ಎಂದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ನನ್ನ ಪಕ್ಕ ಕೂತಳು.

‘ನಾನು ಸತ್ತೋದೆ ಅಂತ ಬರೆದ್ರೆ ನಿಂಗೆ ಸೀಟ್ ಸಿಗುತ್ತಾ?’

‘ಸಿಗಬಹುದು ಅಜ್ಜಿ.’

‘ಹಂಗಾದ್ರೆ ಬರ್ಕೋ ಮಗಾ. ನಂಗೇನು, ಇವತ್ತಲ್ಲ ನಾಳೆ ಹೋಗೋಳೇ. ಅದೇನ್ ಸುಳ್ಳಾಗಲ್ಲ.’

ಹಿಂದಿನ ದಿನ ಥೂ ಎಂದು ಉಗಿದಿದ್ದವಳು ಇವಳೇ, ಮೇಡಂ. ಕೆರೆ ದಂಡೆಯ ಮೇಲೆ ದೊಡ್ಡ ದೊಡ್ಡ ಕಾರಿನವರಿಗೂ ದಾರಿ ಬಿಡದ ಅಜ್ಜಿ, ನನಗೋಸ್ಕರ ಸತ್ತವಳಾಗಲು ಒಪ್ಪಿಕೊಂಡು ಕೂತಿದ್ದಳು. ಅವಳ ಬಾಯಲ್ಲಿ ಅಂಥ ಮಾತು ಬರುವಂತೆ ಮಾಡಿದ್ದು ನೀವು ಮತ್ತು ನನ್ನ ಆಸೆ. ‘ಬಿಡ್ತು ಅನ್ನು ಅಜ್ಜಿ’ ಎಂದು ಕಿರುಚಿದೆ. ಅವಳು ಬೆಚ್ಚಿಬಿದ್ದು ಅಂದಳು. ಇನ್ನೊಂದು ಸಲ ಅನ್ನಿಸಿದೆ. ಆಮೇಲೆ ಇಬ್ಬರೂ ಅತ್ತೆವು.

ಅಂದೇ ಸಂಜೆ ನನ್ನ ಹಳೆಯ ಪ್ರಬಂಧವನ್ನು, ಕೊಕ್ಕರೆಯ ಸಮೇತ, ಕಳಿಸಿದೆ. ಹೋಗಿಬಿಟ್ಟಿದೆ, ಇನ್ನು ನೀವು ತಿದ್ದಲಾಗದು. ಆ ವಿಶ್ವವಿದ್ಯಾಲಯಕ್ಕೆ ಬದುಕಿರುವ ಅಜ್ಜಿ ಬೇಡವಾದರೆ ಅಂಥ ವಿಶ್ವವಿದ್ಯಾಲಯ ನನಗೂ ಬೇಡ. ಜಯನಗರದಲ್ಲೂ ಕಾಲೇಜುಗಳಿವೆ, ಬಸ್ಸೂ ಇದೆ.

ನಿಮ್ಮ ಶಿಫಾರಸು ಇನ್ನೂ ಹೋಗಿಲ್ಲ ಎಂದು ನನಗೆ ಗೊತ್ತು. ಅದು ಹೋದ ಮೇಲೆ ಈ ಪತ್ರ ಕೊಡು, ಈಗ ಜಾಣತನ ಮಾಡು ಎಂದು ಅಪ್ಪ ಹೇಳಿದರು. ನಾನು ಬೇಕೆಂದೇ ಈಗ ಕೊಡುತ್ತಿದ್ದೇನೆ. ಎರಡು ಸಾಲಾದರೆ ಎರಡು ಸಾಲೇ ಬರೆಯಿರಿ. ಆ ಎರಡು ಸಾಲಿನಲ್ಲಿ ನಿಜ ಇರಲಿ.

ಸಂಕ್ರಾಂತಿಗೆ ಅಜ್ಜಿ ಎಳ್ಳುಬೆಲ್ಲ ತೆಗೆದುಕೊಂಡು ಶಾಲೆಗೇ ಬರುತ್ತಾಳಂತೆ. ಬೇಡವೆಂದರೆ ಕೇಳುವವಳಲ್ಲ. ನಿಮ್ಮ ಗಾಜಿನ ಬಾಗಿಲು ತಳ್ಳಿಕೊಂಡು, ಹೊಸ ಸೀರೆಯುಟ್ಟು, ಎರಡು ಪೊಟ್ಟಣ ಹಿಡಿದು ಬರುತ್ತಾಳೆ. ಒಂದು ನಿಮಗೆ, ಇನ್ನೊಂದು ನಿಮ್ಮ ತಾಯಿಗೆ. ಅವರ ಆರೋಗ್ಯ ಚೆನ್ನಾಗಿರಲಿ, ನೂರು ವರ್ಷ ಬಾಳಲಿ ಎಂದು ಹೇಳಲು ತಿಳಿಸಿದ್ದಾಳೆ. ಇದು ಅಜ್ಜಿಯ ಹಾರೈಕೆ, ನನ್ನದೂ ಕೂಡ. ನಿಮ್ಮ ತಾಯಿಯನ್ನು ಯಾರಾದರೂ ಕಾಗದದ ಮೇಲೆ ಸಾಯಿಸಿದರೆ ನಿಮಗೆ ಹೇಗಾದೀತು ಎಂದು ಕೇಳಬೇಕೆಂದಿದ್ದೆ. ಅಜ್ಜಿ, ‘ಅಂಥ ಮಾತು ಬರೀಬೇಡ, ಹೊಡೆದು ಹಾಕು’ ಎಂದಳು. ಬರೆದಾಗಿಬಿಟ್ಟಿದೆ. ಬಿಡ್ತು, ಮೇಡಂ. ನೋಡಿ, ನಾನು ಅಂದೆ.

ಅಜ್ಜಿ ಬಂದಾಗ ಎದ್ದು ನಿಂತು ಎಳ್ಳು ತೆಗೆದುಕೊಳ್ಳಿ. ಅವಳ ಮುಖ ನೋಡಿ ನೀವೂ ಒಂದು ಸಲ ಅನ್ನಿ.

ಇತಿ,
ಗಟ್ಟಿಮುಟ್ಟಾಗಿರುವ ಅಣ್ಣಮ್ಮನ ಮೊಮ್ಮಗಳು,
ಸಿಂಚನಾ ವೈ.
ಪುಟ್ಟೇನಹಳ್ಳಿ