ಮೂರು ಬಾಗಿಲಿನಾಚೆಯ ಕೋಣೆ

ಪ್ರೀತಿಯ ಅಪ್ಪನಿಗೆ,

ನೀನು ಕಳಿಸಿದ ಪೇಪರ್ ತುಣುಕು ಸಿಕ್ಕಿತು. ಹೆಂಗಸರು ಬಂದು ಯುದ್ಧನೌಕೆಗಳ ಚುರುಕು ಕೆಟ್ಟಿತೆಂದು ಆ ನಿವೃತ್ತ ಅಧಿಕಾರಿ ಬರೆದದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ. ನೀರಿನ ಪೈಪು ಹಿಡಿದದ್ದು ಗಂಡೋ ಹೆಣ್ಣೋ ಎಂದು ಬೆಂಕಿ ಕೇಳುವುದಿಲ್ಲ.

ಆದರೂ ಬೆಂಕಿ ಆರಿಸುವ ಅಭ್ಯಾಸದ ಗಂಟೆ ಬಾರಿಸಿದಾಗ ಕೊನೆಗೆ ತಲುಪುವವಳು ನಾನೇ. ಅದು ನನ್ನ ಕಾಲಿನ ತಪ್ಪಲ್ಲ. ಈ ಹಡಗಿನ ನಕ್ಷೆ ಬರೆಯುವಾಗ, ಹೆಣ್ಣುಮಕ್ಕಳು ನೆಮ್ಮದಿಯಾಗಿರಲಿ ಎಂದು ನೀನೇ ಮೇಲಿನವರ ಜೊತೆ ಜಗಳವಾಡಿ ಇಡಿಸಿದ ಮೂರು ಬಾಗಿಲುಗಳನ್ನು ದಾಟಿ ಬರಬೇಕಲ್ಲ! ಆರು ಮಂಚದ ಕೋಣೆಯಲ್ಲಿ ಇರುವವಳು ನಾನೊಬ್ಬಳೇ. ಉಳಿದ ಮಂಚಗಳ ಮೇಲೆ ಬಟ್ಟೆ ಒಣಹಾಕುತ್ತೇನೆ.

ಗೋಡೆಯಾಚೆ ಗಂಡಸರು ಇಸ್ಪೀಟು ಆಡುತ್ತಾರಂತೆ. ಅಡುಗೆಯವನು ಮೊನ್ನೆ, "ನೀನೂ ಬಾರಮ್ಮ ತಂಗಿ, ಒಂದು ಕೈ ಕಮ್ಮಿ ಇದೆ" ಅಂದ. ಆಮೇಲೆ ಹೆಂಗಸರು ಗಂಡಸರ ಕೋಣೆಗೆ ಕಾಲಿಡಬಾರದೆಂಬ ನಿಯಮ ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಅಮ್ಮನಿಗೆ ಉಣ್ಣೆಯ ಕಾಲುಚೀಲ ಕಳಿಸಲು ಹೇಳು. ಮುಂದಿನ ಹಡಗಿನ ನಕ್ಷೆಯಲ್ಲಿ ಬಾಗಿಲು ಕಮ್ಮಿ ಮಾಡು, ಗೋಡೆಯನ್ನೂ ತುಸು ತೆಳ್ಳಗೆ ಮಾಡಪ್ಪ. ನಿನ್ನ ಕೆಲಸಕ್ಕೆ ಹೆಸರಿಡುವ ಹಾಗಿಲ್ಲ. ಕಿವಿಯಾನಿಸಿ ನಿಂತರೂ ಅವರ ನಗು ಕೇಳಿಸುವುದಿಲ್ಲ.

ನಿನ್ನ
ಪುಟ್ಟಿ