ಗುಂಡನ ಹೃದಯ, ನನ್ನ ರಕ್ತ

ಆಸ್ಪತ್ರೆ, ಮೂರನೇ ಮಹಡಿ
ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಪುಟ್ಟಿಗೆ,

ಅಮ್ಮನ ಅಕ್ಕರೆಯ ಆಶೀರ್ವಾದಗಳು. ನಾನು ಚೆನ್ನಾಗಿದ್ದೇನೆ. ಹೊಟ್ಟೆ ತುಂಬ ಉಣ್ಣುತ್ತೇನೆ, ಕಿಟಕಿಯವರೆಗೆ ನಡೆಯುತ್ತೇನೆ, ಉಳಿದ ಹೊತ್ತು ನರ್ಸಮ್ಮನ ತಲೆ ತಿನ್ನುತ್ತೇನೆ.

ಹೊಲಿಗೆಯವಳ ಕೈ ಸುಮ್ಮನಿರುವುದಿಲ್ಲ ನೋಡು. ಆಪರೇಷನ್ ಆದ ಮೇಲೆ ನನ್ನ ಎದೆಯ ಕೆಳಗೆ ಸಣ್ಣ ತಂತಿಯ ಎಳೆಯೊಂದು ಹೊರಗೆ ಬಂದಿತ್ತು. ಬಡಿತ ತಪ್ಪಿದರೆ ಸರಿಪಡಿಸಲು ಡಾಕ್ಟರು ಬಿಟ್ಟದ್ದಂತೆ. ಯಾರೋ ದಾರ ಕತ್ತರಿಸದೆ ಬಿಟ್ಟಿದ್ದಾರೆ ಅಂದುಕೊಂಡು ನಾನು ಅರೆನಿದ್ದೆಯಲ್ಲಿ ಅದನ್ನು ಎಳೆಯಲು ಹೋದೆ. ಇದು ನಿಮ್ಮ ಅಂಗಡಿಯಲ್ಲಮ್ಮಾ, ಕೈ ತೆಗೀರಿ ಅಂತ ನರ್ಸಮ್ಮ ಗದರಿದಳು. ಅಂದಿನಿಂದ ನಿಮ್ಮಪ್ಪ ನನ್ನ ದಿಂಬಿನಡಿ ಕತ್ತರಿ ಇದೆಯೇ ಎಂದು ನೋಡಿಯೇ ಕೂರುವುದು.

ನೀನು ಮಾತ್ರ ಬರಲಿಲ್ಲ. ಹಂದಿಮನೆಯಲ್ಲಿ ಕೆಲಸ ಮಾಡುವವಳು, ಸೋಂಕು ತಂದೇನು ಎಂದು ಅಪ್ಪನ ಹತ್ತಿರ ಹೇಳಿ ಕಳಿಸಿದೆ. ನಾನು ಡಾಕ್ಟರನ್ನೇ ಕೇಳಿದೆ. ಸ್ನಾನ ಮಾಡಿ, ಒಗೆದ ಬಟ್ಟೆ ತೊಟ್ಟು, ಮಾಸ್ಕ್ ಹಾಕಿಕೊಂಡು ಬರಲಿ ಬಿಡಿ ಎಂದರು. ಅಲ್ಲಿಗೆ ಆ ನೆಪ ಮುಗಿಯಿತು. ನಿಜವಾದ ಕಾರಣ ನನಗೆ ಗೊತ್ತು. ಅಂಗ ಕೊಡಲೆಂದೇ ಸಾಕುವ ಅಲ್ಲಿನ ಹಂದಿಗಳಿಗೆ ಕಿವಿಯ ನಂಬರ್ ಬಿಟ್ಟು ಹೆಸರಿಡುವ ಹಾಗಿಲ್ಲ. ನೀನು ಗುಂಡ ಅಂತ ಕರೆದೆ, ಬಾಟಲಿಯಲ್ಲಿ ಹಾಲು ಕುಡಿಸಿ ದೊಡ್ಡವನನ್ನು ಮಾಡಿದೆ. ಮನುಷ್ಯರ ಹೃದಯ ನನಗೆ ಸಿಗದೆ ಹೋದಾಗ ಅವನ ಹೃದಯವನ್ನೇ ನನಗೆ ಕೂಡಿಸುವ ಈ ದಾರಿ ತೋರಿಸಿದವಳೂ ನೀನೇ. ಈಗ ಅವನಿಗಾಗಿ ಅಳಲೂ ಆಗದೆ, ನನ್ನ ಮುಖ ನೋಡಲೂ ಆಗದೆ ಒದ್ದಾಡುತ್ತಿದ್ದೀಯ.

ಒಂದು ವಿಷಯ ಮುಚ್ಚಿಟ್ಟಿದ್ದೆ. ಅಪ್ಪನ ಮೇಲೆ ರೇಗಬೇಡ, ಅವರ ಬಾಯಿ ಕಟ್ಟಿದವಳು ನಾನು. ಹೋದ ವಾರ ಕಾಲು ಊದಿತು, ಉಸಿರು ಸಾಲದಾಯಿತು. ಹಂದಿಯ ಜೀವಕೋಶಗಳ ಮೇಲೆ ಒಂದು ಬಗೆಯ ಸಕ್ಕರೆ ಇರುತ್ತದಂತೆ. ಅದನ್ನು ಕಂಡ ಕೂಡಲೇ ನಮ್ಮ ರಕ್ತ ಮೇಲೆ ಬೀಳುತ್ತದೆ. ಅಂಗಿಯ ಲೇಬಲ್ ಬಿಚ್ಚಿದ ಹಾಗೆ ಗುಂಡ ಹುಟ್ಟುವ ಮೊದಲೇ ಅದನ್ನು ತೆಗೆದಿದ್ದರು. ಆದರೂ ನನ್ನ ರಕ್ತ ಬೇರೆ ಯಾವುದೋ ಗುರುತು ಹಿಡಿದು ಅವನ ಮೇಲೆ ಜಗಳಕ್ಕೆ ನಿಂತಿತು. ಡಾಕ್ಟರು ಔಷಧಿ ಹೆಚ್ಚಿಸಿದರು, ರಕ್ತವನ್ನು ಯಂತ್ರದಲ್ಲಿ ಹರಿಸಿ ಶುದ್ಧ ಮಾಡಿದರು. ನಿನ್ನೆ ಕುತ್ತಿಗೆಯ ರಕ್ತನಾಳದ ಮೂಲಕ ಹೃದಯದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಜಗಳ ನಿಂತಿದೆಯೋ ಇಲ್ಲವೋ ಅದರಿಂದ ತಿಳಿಯುತ್ತದಂತೆ.

ರಕ್ತವನ್ನು ಬೈಯಲೂ ಮನಸ್ಸು ಬರುವುದಿಲ್ಲ ಪುಟ್ಟಿ. ಇಷ್ಟು ವರ್ಷ ಬಂದ ಜ್ವರವನ್ನೆಲ್ಲ ಹೀಗೇ ಅಟ್ಟಿ ನನ್ನನ್ನು ಕಾಪಾಡಿದೆ. ಅದಕ್ಕೆ ಗುಂಡ ಯಾರೆಂದು ಗೊತ್ತಿಲ್ಲ, ಅಷ್ಟೇ. ನನಗೆ ಗೊತ್ತು. ಬೆಳಿಗ್ಗೆ ಎದ್ದ ಕೂಡಲೇ ಎದೆಯ ಮೇಲೆ ಕೈಯಿಟ್ಟು ಅವನಿಗೊಂದು, ಅವನನ್ನು ಸಾಕಿದ ನಿನಗೊಂದು ನಮಸ್ಕಾರ ಹೇಳಿಯೇ ಹಲ್ಲುಜ್ಜುವುದು.

ಅವನು ಬಲು ನಿಧಾನಿ. ನನ್ನ ನರಗಳಿಗೂ ಅವನಿಗೂ ಇನ್ನೂ ನಂಟಿಲ್ಲವಂತೆ. ನನಗೆ ಗಾಬರಿಯಾದರೂ ಖುಷಿಯಾದರೂ ಅವನಿಗೆ ಸುದ್ದಿ ಮುಟ್ಟುವುದು ರಕ್ತದ ಮೂಲಕ, ತಡವಾಗಿ. ನರ್ಸಮ್ಮ ತಟ್ಟೆ ಬೀಳಿಸಿದರೆ ನಾನು ಬೆಚ್ಚಿಬಿದ್ದು ಸುಧಾರಿಸಿಕೊಂಡ ಮೇಲೆ ಅವನು ಬೆಚ್ಚುತ್ತಾನೆ.

ಸರಿಯಾಗಿ ಊಟ ಮಾಡು.

ನಿನ್ನನ್ನೇ ನೆನೆಯುತ್ತಿರುವ,
ಅಮ್ಮ

ತಾ. ಕ.: ಅಪ್ಪನ ಕೈಯಲ್ಲಿ ಕಳಿಸಲೆಂದು ಕಾಗದ ಮಡಿಸುವಷ್ಟರಲ್ಲಿ ಡಾಕ್ಟರು ಬಂದರು. ಜಗಳ ತಣ್ಣಗಾಗಿದೆಯಂತೆ. ಇನ್ನೊಂದು ಮಾತು. ನಾನು ಕಿಟಕಿಯವರೆಗೆ ನಡೆಯುವುದು ವ್ಯಾಯಾಮಕ್ಕಲ್ಲ. ಸಂಜೆ ಕೆಳಗೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನೀನು ಬಂದು ನಿಲ್ಲುತ್ತೀಯಲ್ಲ, ಆ ಹಸಿರು ಕೋಟು ಹೊಲಿದವಳಿಗೆ ಗುರುತು ಸಿಗದೇ? ಮೊದಲ ದಿನ ಕಂಡಾಗ ನಾನು ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ಮಂಚಕ್ಕೆ ಬಂದು ಕೂತ ಮೇಲೆ ಗುಂಡನಿಗೂ ತಿಳಿಯಿತು. ಎಷ್ಟು ಹೊತ್ತು ಕುಣಿದನೋ. ಇವತ್ತು ಮೇಲೆ ಬಾ.