ಅಕ್ಕನ ಮನೆಯ ಆಲೂಗಡ್ಡೆ

ಬರ್ಲಿನ್, ೧೪ ನವೆಂಬರ್ ೧೯೪೮, ಭಾನುವಾರ

ಅಕ್ಕ ಇರ್ಮ್‌ಗಾರ್ಡ್ ರಷ್ಯನ್ನರ ಕಡೆ ರೇಷನ್‌ಗೆ ಹೆಸರು ಬರೆಸಿದ್ದಾಳೆ ಎಂದು ಬೆಳಿಗ್ಗೆ ಮೊದಲು ಹೇಳಿದ್ದು ಕೆಳಮನೆಯ ಲಿಂಡ್ನರಮ್ಮ. ನಂಬದೆ, ಮಗಳು ಎಲ್ಕೆಯನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದೆ. ಒಲೆಯ ಮೇಲೆ ನಿಜವಾದ ಆಲೂಗಡ್ಡೆ ಬೇಯುತ್ತಿತ್ತು! ರಷ್ಯನ್ನರು ದಾರಿ ಮುಚ್ಚಿದ ಮೇಲೆ ಪಶ್ಚಿಮ ಬರ್ಲಿನ್ನಿನ ನಮಗೆ ಅಮೆರಿಕದ ವಿಮಾನ ತರುವ ಒಣಗಿಸಿದ ಆಲೂಗಡ್ಡೆ ಚೂರುಗಳೇ ಗತಿ.

“ಅವರಿಗೆ ಮಾರ್ಕೊಂಡ್ಯಾ ಅಕ್ಕಾ?”

“ಬಾರೇ, ಉಣ್ಣು. ಆಲೂಗಡ್ಡೆಗೆ ಯಾವ ಪಕ್ಷಾನೇ?”

ನಾನು ಮುಟ್ಟಲಿಲ್ಲ. ಎಲ್ಕೆ ತಟ್ಟೆ ನೆಕ್ಕಿ, “ಅಮ್ಮಾ, ನಾನು ದೊಡ್ಡಮ್ಮನ ಮನೇಲೇ ಇರ್ಲಾ?” ಎಂದಳು. ಅಕ್ಕ ಅವಳ ತಲೆ ಸವರಿದಳು. ನಾನು ಮಗಳ ಕೈ ಹಿಡಿದು ಎಳೆದುಕೊಂಡು ಬಂದೆ.

ನಾಳೆ ನಾನೂ ಹೋಗಿ ಹೆಸರು ಬರೆಸುತ್ತೇನೇನೋ. ಬೀದಿಯವರು ಉಗಿಯಲಿ. ಹಸಿವು ತಡೆಯಲಾಗಲಿಲ್ಲ ಎಂದು ಅವರಿಗೆ ಹೇಳಬಹುದು. ಈ ಡೈರಿಯಲ್ಲಿ ಸುಳ್ಳು ಬರೆಯಲಾರೆ. ಅಕ್ಕನ ಕೈ ನನ್ನ ಮಗಳ ತಲೆಯ ಮೇಲೆ ಇನ್ನೊಮ್ಮೆ ಆಡುವುದನ್ನು ನೋಡಲಾರೆ, ಅದಕ್ಕೇ.